128 ಬೈಟುಗಳ ಪಾಠಶಾಲೆ



ಇಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಸಲಕರಣೆಗಳ ಕೊರತೆ ಇಲ್ಲ. ನಿಮ್ಮ ಮನೆಯ ಸಾಧಾರಣ ಮೊಬೈಲ್ ಫೋನಿನಲ್ಲಿಯೂ ನೂರಾರು ಕೋಟಿ ಬೈಟುಗಳ ಸ್ಮರಣಕೋಶವಿರುತ್ತದೆ. ಹೀಗಿರುವಾಗ, 1977ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ, ಕೇವಲ 128 ಬೈಟುಗಳ ಸ್ಮರಣಕೋಶವಿದ್ದ ಒಂದು ಆಟದ ಪೆಟ್ಟಿಗೆಗಾಗಿ ಜನ ಇಂದಿಗೂ ಹೊಸ ಆಟಗಳನ್ನು ಬರೆಯುತ್ತಿದ್ದಾರೆ, ಬರೆಯುವುದನ್ನು ಹಟತೊಟ್ಟು ಕಲಿಯುತ್ತಿದ್ದಾರೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆ ಪೆಟ್ಟಿಗೆಯ ಹೆಸರು ಅಟಾರಿ ವಿಡಿಯೋ ಕಂಪ್ಯೂಟರ್ ಸಿಸ್ಟಂ. 1982ರಿಂದ ಅದಕ್ಕೆ ಅಟಾರಿ 2600 ಎಂಬ ಹೆಸರಾಯಿತು.

ಇದು ಹಳೆಯ ವಸ್ತುಗಳ ಮೇಲಿನ ಮೋಹ ಮಾತ್ರವೇ? ಸ್ವಲ್ಪಮಟ್ಟಿಗೆ ಇರಬಹುದು. ಆದರೆ ಈ ಯಂತ್ರದ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ಒಂದು ವಿದ್ಯೆ ಹೇಗೆ ಹುಟ್ಟಿತು, ಅದನ್ನು ಹೇಗೆ ಬಚ್ಚಿಡಲಾಯಿತು, ಮರೆವಿನ ಅಂಚಿಗೆ ಹೋಗಿದ್ದ ಅದನ್ನು ಯಾರು ಮರಳಿ ತಂದರು ಎಂಬ ಕಥೆ ಅದು. ಕಾರ್ಯಕ್ರಮದ ಮಾತುಕತೆಯಲ್ಲಿ ಬಿಡಿಸಿ ಹೇಳಲು ಸಮಯ ಸಾಲದ ಲೆಕ್ಕಗಳನ್ನು ಈ ಪುಟಗಳಲ್ಲಿ ಕೊಟ್ಟಿದ್ದೇನೆ. ಹತ್ತಿರದಲ್ಲೊಂದು ಪೆನ್ಸಿಲ್ ಇಟ್ಟುಕೊಂಡು ಓದಿ.

ಗೆರೆ ಗೆರೆಯಾಗಿ ಮೂಡುವ ಚಿತ್ರ

ಮೊದಲು ಟೆಲಿವಿಷನ್ ವಿಷಯ. ನಿಮ್ಮಲ್ಲಿ ಅನೇಕರು ಹಳೆಯ ದಪ್ಪ ಪಿಕ್ಚರ್ ಟ್ಯೂಬಿನ ಟಿ.ವಿ.ಯನ್ನು ನೋಡಿಯೇ ಇರಲಾರಿರಿ. ಅದರ ಗಾಜಿನ ಮುಖದ ಒಳಭಾಗಕ್ಕೆ ಹೊಳೆಯುವ ರಾಸಾಯನಿಕವನ್ನು ಬಳಿದಿರುತ್ತಿದ್ದರು. ಹಿಂಬದಿಯಿಂದ ಬರುವ ಎಲೆಕ್ಟ್ರಾನ್ ಕಿರಣ ತೆರೆಯ ಎಡ ಅಂಚಿನಿಂದ ಬಲ ಅಂಚಿಗೆ ಒಂದು ಗೆರೆ ಎಳೆದು, ಮತ್ತೆ ಎಡಕ್ಕೆ ಹಾರಿ, ಅದರ ಕೆಳಗೆ ಇನ್ನೊಂದು ಗೆರೆ ಎಳೆಯುತ್ತಿತ್ತು. ಕೊನೆಯ ಗೆರೆ ಮುಗಿದ ಮೇಲೆ ಮತ್ತೆ ಮೇಲಕ್ಕೆ ಪ್ರಯಾಣ. ಅಮೆರಿಕದ ಪದ್ಧತಿಯಲ್ಲಿ ತೆರೆಯ ಉದ್ದಕ್ಕೂ ಇಂಥ ಓಟ ಸೆಕೆಂಡಿಗೆ ಸುಮಾರು 60 ಸಲ. ನಾವು 1982ರಲ್ಲಿ ಬಣ್ಣದ ಪ್ರಸಾರ ಆರಂಭಿಸಿದಾಗ ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ.

ಕಿರಣ ಬಲದಿಂದ ಎಡಕ್ಕೆ ಮರಳುವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗುವಾಗಲೂ ಅದನ್ನು ಆರಿಸಿರಬೇಕು. ಇಲ್ಲವಾದರೆ ಚಿತ್ರದ ಮೇಲೆ ಗೀಚಿದಂತಾಗುತ್ತದೆ. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಮಗೆ ಈ ಕತ್ತಲೆಯ ಬಿಡುವು ಬಹಳ ಪರಿಚಿತ. ಬಿ.ಬಿ.ಸಿ. 1974ರಲ್ಲಿ ಟೆಲಿಟೆಕ್ಸ್ಟ್ ಸೇವೆ ಪ್ರಾರಂಭಿಸಿದಾಗ ಸುದ್ದಿಯ ಅಕ್ಷರಗಳನ್ನು ಕಳುಹಿಸಿದ್ದು ಇಂಥ ಬಿಡುವಿನ ಗೆರೆಗಳಲ್ಲಿಯೇ. ನೋಡುವವರ ಪಾಲಿಗೆ ಏನೂ ಇಲ್ಲದ ಆ ಹೊತ್ತನ್ನು ಅಟಾರಿಯ ಎಂಜಿನಿಯರುಗಳೂ ಬಳಸಿಕೊಂಡರು. ಹೇಗೆಂದು ಮುಂದೆ ನೋಡೋಣ.

ಹಣದ ಲೆಕ್ಕ, ಬೈಟಿನ ಲೆಕ್ಕ

ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಟಾರಿ ಕಂಪನಿಯನ್ನು ಸ್ಥಾಪಿಸಿದರು. ಅದೇ ವರ್ಷ ಬಂದ ಪಾಂಗ್ ಎಂಬ ಟೇಬಲ್ ಟೆನಿಸ್ ಆಟ ಮನೆಮಾತಾಯಿತು. ಆದರೆ ಪಾಂಗ್ ಯಂತ್ರ ಪಾಂಗ್ ಒಂದನ್ನೇ ಆಡಬಲ್ಲದು. ಅದರ ಆಟ ಇದ್ದದ್ದು ತಂತಿಗಳಲ್ಲಿ, ಪ್ರೋಗ್ರಾಮಿನಲ್ಲಿ ಅಲ್ಲ. ಒಂದೇ ಪೆಟ್ಟಿಗೆಗೆ ಹಲವು ಆಟಗಳನ್ನು ಬದಲಾಯಿಸಿ ಹಾಕುವಂತಿದ್ದರೆ? ಅದಕ್ಕೆ ಪೆಟ್ಟಿಗೆಯೊಳಗೆ ಒಂದು ಮೈಕ್ರೋಪ್ರೊಸೆಸರ್ ಬೇಕು. ಆಗ ಅವು ಬಲು ದುಬಾರಿ.

1975ರ ಸೆಪ್ಟೆಂಬರಿನಲ್ಲಿ ಎಂ.ಒ.ಎಸ್. ಟೆಕ್ನಾಲಜಿ ಎಂಬ ಕಂಪನಿ 6502 ಎಂಬ ಮೈಕ್ರೋಪ್ರೊಸೆಸರನ್ನು 25 ಡಾಲರಿಗೆ ಮಾರಲು ತಂದಿತು. ಚಕ್ ಪೆಡಲ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಚಿಪ್ಪು ಆ ಕಾಲದ ಇತರ ಚಿಪ್ಪುಗಳ ಬೆಲೆಯನ್ನು ನಾಚಿಸುವಷ್ಟು ಅಗ್ಗವಾಗಿತ್ತು. ಅಟಾರಿ ಅದರ ಇನ್ನೂ ಚಿಕ್ಕ ರೂಪವಾದ 6507 ಅನ್ನು ಆರಿಸಿಕೊಂಡಿತು. ಸ್ಟೀವ್ ಮೇಯರ್ ಮತ್ತು ರಾನ್ ಮಿಲ್ನರ್ ಯಂತ್ರದ ಮೂಲ ಕಲ್ಪನೆಯನ್ನು ಕೊಟ್ಟರು. ಜೋ ಡೆಕ್ಯೂರ್ ಮತ್ತು ಜೇ ಮೈನರ್ ಅದಕ್ಕೆ ಬೇಕಾದ ಚಿತ್ರದ ಚಿಪ್ಪನ್ನು ರೂಪಿಸಿದರು. ಯಂತ್ರದ ಒಳಗುಟ್ಟಿನ ಹೆಸರು ಸ್ಟೆಲ್ಲಾ. ಅದು ಡೆಕ್ಯೂರ್ ಅವರ ಸೈಕಲ್ಲಿನ ಹೆಸರು!

1976ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಸಂಸ್ಥೆ ಅಟಾರಿಯನ್ನು 2.8 ಕೋಟಿ ಡಾಲರಿಗೆ ಕೊಂಡುಕೊಂಡಿತು. 1977ರ ಸೆಪ್ಟೆಂಬರಿನಲ್ಲಿ, ಸುಮಾರು 200 ಡಾಲರ್ ಬೆಲೆಗೆ, ಒಂಬತ್ತು ಆಟಗಳೊಂದಿಗೆ ಯಂತ್ರ ಅಂಗಡಿಗೆ ಬಂತು. ಪ್ರತಿಯೊಂದು ಆಟವೂ ಒಂದು ಪ್ಲಾಸ್ಟಿಕ್ ಕಾರ್ಟ್ರಿಜ್‌ನಲ್ಲಿ. 1990ರ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ಬೇರೆ ಬಗೆಯ ವಿಡಿಯೋ ಗೇಮ್ ಪೆಟ್ಟಿಗೆಗಳಿಗೆ ಹಾಕುತ್ತಿದ್ದ ಇಂಥವನ್ನು ಮಕ್ಕಳು ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದರು.

ಬೆಲೆಯನ್ನು ಇಳಿಸಲು ಎಂಜಿನಿಯರುಗಳು ಏನನ್ನು ಬಿಟ್ಟುಕೊಟ್ಟರು ಗೊತ್ತೇ? ಸ್ಮರಣಕೋಶವನ್ನು. ಒಂದು ಸಣ್ಣ ಲೆಕ್ಕ ಮಾಡಿ. ಈ ಯಂತ್ರ ತೆರೆಯ ಮೇಲೆ ಅಡ್ಡಲಾಗಿ 160 ಚುಕ್ಕಿಗಳನ್ನೂ ಲಂಬವಾಗಿ ಸಾಮಾನ್ಯವಾಗಿ 192 ಗೆರೆಗಳನ್ನೂ ತೋರಿಸುತ್ತದೆ. ಒಟ್ಟು 30,720 ಚುಕ್ಕಿಗಳು. ಪ್ರತಿ ಚುಕ್ಕಿಯೂ ಬೆಳಗಿದೆಯೋ ಆರಿದೆಯೋ ಎಂದಷ್ಟೇ ನೆನಪಿಡಲು ಒಂದೊಂದು ಬಿಟ್ ಬೇಕು. ಎಂಟು ಬಿಟ್ಟುಗಳಿಗೆ ಒಂದು ಬೈಟ್. ಅಂದರೆ 3,840 ಬೈಟುಗಳು. ಯಂತ್ರದಲ್ಲಿ ಇದ್ದದ್ದು 128. ಬೇಕಾದ್ದರಲ್ಲಿ ಸರಿಯಾಗಿ ಮೂವತ್ತರಲ್ಲಿ ಒಂದು ಪಾಲು! ಬಣ್ಣದ ಮಾತು ಹಾಗಿರಲಿ, ಅಂಕ, ಆಟಗಾರನ ಸ್ಥಾನ, ಶತ್ರುಗಳ ಸ್ಥಾನ, ಉಳಿದ ಜೀವಗಳು, ಎಲ್ಲವೂ ಆ 128 ಬೈಟುಗಳಲ್ಲೇ ಅಡಗಬೇಕು.

ಹಾಗಾದರೆ ಚಿತ್ರವನ್ನು ಎಲ್ಲಿ ಇಟ್ಟರು? ಎಲ್ಲಿಯೂ ಇಡಲಿಲ್ಲ. ಇದೇ ಈ ಯಂತ್ರದ ವಿಶೇಷ.

ಎಲ್ಲಿ ಎಂದರೆ ಯಾವಾಗ

ಕಂಪನಿ ನಾಟಕಗಳಲ್ಲಿ ಅರಮನೆಯ ಪರದೆ, ಕಾಡಿನ ಪರದೆ ಎಲ್ಲವನ್ನೂ ಮೊದಲೇ ಬರೆದು ಸುತ್ತಿ ಇಟ್ಟಿರುತ್ತಾರೆ. ದೃಶ್ಯ ಬಂದಾಗ ಇಳಿಬಿಟ್ಟರಾಯಿತು. ಸಾಮಾನ್ಯ ಕಂಪ್ಯೂಟರ್ ಮಾಡುವುದೂ ಇದನ್ನೇ. ಚಿತ್ರವನ್ನು ಸ್ಮರಣಕೋಶದಲ್ಲಿ ಪೂರ್ತಿಯಾಗಿ ಬರೆದಿಟ್ಟು ತೆರೆಗೆ ಕಳುಹಿಸುತ್ತದೆ. ಅಟಾರಿಯಲ್ಲಿ ಪರದೆ ಇಟ್ಟುಕೊಳ್ಳಲು ಜಾಗವಿಲ್ಲ. ಆದ್ದರಿಂದ ಪರದೆ ಮೇಲಿನಿಂದ ಇಳಿಯುತ್ತಿರುವಾಗಲೇ ಚಿತ್ರಕಾರ ಒಂದೊಂದು ಎಳೆಗೂ ಬಣ್ಣ ಹಚ್ಚುತ್ತಾ ಹೋಗಬೇಕು. ಸೆಕೆಂಡಿಗೆ 60 ಸಲ ಇಡೀ ಪರದೆ!

ಚಿತ್ರದ ಚಿಪ್ಪಿಗೆ ಒಂದು ಗೆರೆಯ ಮಟ್ಟಿಗೆ ಮಾತ್ರ ತಿಳಿವಳಿಕೆ. ಅದರ ಬಳಿ ಎಂಟು ಚುಕ್ಕಿ ಅಗಲದ ಎರಡು ಆಕೃತಿಗಳು, ಎರಡು ಗುಂಡುಗಳು, ಒಂದು ಚೆಂಡು, ಹಿನ್ನೆಲೆಗೆ ಅರ್ಧ ತೆರೆಯಷ್ಟು ಒರಟು ಇಟ್ಟಿಗೆಗಳು ಇವಿಷ್ಟೇ ಇವೆ. ಹಿನ್ನೆಲೆಯ ಉಳಿದರ್ಧ ಮೊದಲರ್ಧದ ನಕಲು ಅಥವಾ ಕನ್ನಡಿಯ ಬಿಂಬ. ಪಾಂಗ್ ಮತ್ತು ಟ್ಯಾಂಕ್ ಕಾಳಗದ ಆಟಗಳಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಪ್ರತಿ ಗೆರೆಗೂ ಈ ಗೆರೆಯಲ್ಲಿ ಇಂಥ ಬಣ್ಣ, ಇಂಥ ಆಕೃತಿ ಎಂದು ಪ್ರೋಗ್ರಾಮೇ ಹೇಳಿಕೊಡಬೇಕು.

ಅದಕ್ಕೆ ಸಿಗುವ ಸಮಯವೆಷ್ಟು? ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ ಸುಮಾರು 11.9 ಲಕ್ಷ ಸಲ ಮಿಡಿಯುತ್ತದೆ. ಒಂದು ಗೆರೆ ಮುಗಿಯುವಷ್ಟರಲ್ಲಿ 76 ಮಿಡಿತಗಳು. ಒಂದು ಸಂಖ್ಯೆಯನ್ನು ಎತ್ತಿಕೊಳ್ಳಲು 2 ಮಿಡಿತ, ಅದನ್ನು ಚಿತ್ರದ ಚಿಪ್ಪಿಗೆ ಒಪ್ಪಿಸಲು 3 ಮಿಡಿತ. ಒಂದೊಂದು ಮಿಡಿತಕ್ಕೂ ಕಿರಣ ಮೂರು ಚುಕ್ಕಿಗಳಷ್ಟು ಮುಂದೆ ಹೋಗಿರುತ್ತದೆ. ಆಕಾಶದ ಬಣ್ಣ ಬದಲಿಸುವ ಆ ಪುಟ್ಟ ಕೆಲಸ ಮುಗಿಯುವುದರೊಳಗೆ ಕಿರಣ 15 ಚುಕ್ಕಿ ದಾಟಿರುತ್ತದೆ. ಹದಿನೈದು ಇಂಥ ಕೆಲಸಗಳಾದರೆ ಗೆರೆಯೇ ಮುಗಿಯಿತು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಒಂದು ಆಕೃತಿಯನ್ನು ಎಡದಿಂದ ನೂರನೆಯ ಚುಕ್ಕಿಯಲ್ಲಿ ನಿಲ್ಲಿಸಬೇಕು ಎನ್ನಿ. ‘100’ ಎಂದು ಬರೆದು ತಿಳಿಸುವ ಸೌಕರ್ಯ ಇಲ್ಲಿಲ್ಲ. ಕಿರಣ ಅಲ್ಲಿಗೆ ಬರುವವರೆಗೆ ಕಾದು, ಆ ಕ್ಷಣದಲ್ಲಿ ‘ಈಗ’ ಎಂದು ಸೂಚನೆ ಕೊಡಬೇಕು. ಆಮೇಲೆ ಒಂದೆರಡು ಚುಕ್ಕಿಗಳ ಹೆಚ್ಚುಕಡಿಮೆಯನ್ನು ಬೇರೆ ಆದೇಶದಿಂದ ಸರಿಪಡಿಸಿಕೊಳ್ಳಬೇಕು. ಎಲ್ಲಿ ಎಂಬ ಪ್ರಶ್ನೆಗೆ ಈ ಯಂತ್ರಕ್ಕೆ ಗೊತ್ತಿರುವ ಉತ್ತರ ‘ಯಾವಾಗ’ ಎಂಬುದೊಂದೇ.

ಹಾಗಾದರೆ ಆಟವನ್ನು ಯೋಚಿಸುವುದು ಯಾವಾಗ? ಬಾಗಿಲಿಗೆ ಬಡಿದಾಗ ಅಂಕ ಕೊಡುವುದು, ಶತ್ರುವನ್ನು ನಡೆಸುವುದು? ಅದಕ್ಕೇ ಕತ್ತಲೆಯ ಬಿಡುವು. ಒಂದು ಚಿತ್ರಕ್ಕೆ 262 ಗೆರೆಗಳ ಹೊತ್ತು. ಅದರಲ್ಲಿ 3 ಗೆರೆ ಟಿ.ವಿ.ಗೆ ಹೊಸ ಚಿತ್ರದ ಸೂಚನೆ, 37 ಗೆರೆ ಮೇಲಿನ ಕತ್ತಲೆ, 192 ಗೆರೆ ಚಿತ್ರ, 30 ಗೆರೆ ಕೆಳಗಿನ ಕತ್ತಲೆ. ಕೂಡಿಸಿ ನೋಡಿ, ಸರಿಹೋಗುತ್ತದೆ. ಮೇಲಿನ ಕತ್ತಲೆಯ 37 ಗೆರೆಗಳಲ್ಲಿ 2,812 ಮಿಡಿತಗಳು, ಕೆಳಗಿನ 30ರಲ್ಲಿ 2,280. ಆಟದ ಬುದ್ಧಿಯೆಲ್ಲ ಅಲ್ಲಿಯೇ ನಡೆಯಬೇಕು. ನೋಡುಗನ ಕಣ್ಣಿಗೆ ಕಾಣದ ಹೊತ್ತಿನಲ್ಲಿ ಯಂತ್ರ ಯೋಚಿಸುತ್ತದೆ. ಕಾಣುವ ಹೊತ್ತಿನಲ್ಲಿ ಓಡುತ್ತದೆ.

ಗುರುವಿಲ್ಲದ ಶಿಷ್ಯರು

ಇಂಥ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು ಮೊದಲಿಗರು ಯಾರಿಂದ ಕಲಿತರು? ಯಾವ ಕಾಲೇಜಿನಲ್ಲಿಯೂ ಈ ಪಾಠ ಇರಲಿಲ್ಲ. ಅವರು ಕಲಿತದ್ದು ಯಂತ್ರದಿಂದ ಮತ್ತು ಪಕ್ಕದ ಮೇಜಿನವರಿಂದ. ಒಂದು ಆಟವನ್ನು ಸಾಮಾನ್ಯವಾಗಿ ಒಬ್ಬರೇ ಮಾಡುತ್ತಿದ್ದರು. ಕಲ್ಪನೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲ ಒಬ್ಬರದೇ. ಕಾರ್ಟ್ರಿಜ್‌ನಲ್ಲಿ ಇದ್ದ ಜಾಗ ಮೊದಮೊದಲು 2,048 ಬೈಟ್, ಅನಂತರ 4,096 ಬೈಟ್. ಕನ್ನಡದ ಒಂದು ಸಂಕೇತ ಇಂದಿನ ಯುನಿಕೋಡ್ ರೂಢಿಯಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ನೀವು ಈವರೆಗೆ ಓದಿದ ಭಾಗವೇ ಒಂದು ಕಾರ್ಟ್ರಿಜ್‌ನಲ್ಲಿ ಹಿಡಿಯದು!

ಆದರೂ ಅವರು ಯಂತ್ರ ಮಾಡಿದವರೇ ಊಹಿಸದ ಆಟಗಳನ್ನು ಬರೆದರು. ರಿಕ್ ಮೌರರ್ 1980ರಲ್ಲಿ ಸ್ಪೇಸ್ ಇನ್ವೇಡರ್ಸ್ ಆಟವನ್ನು ಇದಕ್ಕೆ ಅಳವಡಿಸಿದರು. ಆಕೃತಿಗಳು ಇರುವುದು ಎರಡೇ, ತೆರೆಯ ಮೇಲೆ ಬೇಕಾದದ್ದು ಶತ್ರುಗಳ ದಂಡು. ಚಿತ್ರದ ಚಿಪ್ಪಿಗೆ ಒಂದು ಆಕೃತಿಯನ್ನು ಒಂದೇ ಗೆರೆಯಲ್ಲಿ ಮೂರು ಸಲ ಮೂಡಿಸುವ ಶಕ್ತಿ ಇತ್ತು. ಎರಡು ಆಕೃತಿಗಳಿಂದ ಒಂದು ಸಾಲಿಗೆ ಆರು ಶತ್ರುಗಳಾದರು. ಆ ಸಾಲು ಮುಗಿದ ಕೂಡಲೇ ಆಕೃತಿಯನ್ನು ಬದಲಿಸಿ ಮುಂದಿನ ಸಾಲು. ಹೀಗೆ ಆರು ಸಾಲು, ಒಟ್ಟು 36 ಶತ್ರುಗಳು. ಎರಡರಿಂದ ಮೂವತ್ತಾರು!

ಹೆಸರಿಗಾಗಿ ಹೋರಾಟ

ಇಷ್ಟೆಲ್ಲ ಮಾಡಿದವರ ಹೆಸರು ಪೆಟ್ಟಿಗೆಯ ಮೇಲೆ ಇರಲಿಲ್ಲ. ಅಟಾರಿ ತನ್ನ ಆಟಗಳನ್ನು ಬರೆದವರು ಯಾರೆಂದು ಹೊರಗೆ ಹೇಳುತ್ತಿರಲಿಲ್ಲ. ಆಟ ಎಷ್ಟೇ ಲಕ್ಷ ಮಾರಾಟವಾದರೂ ಬರೆದವರಿಗೆ ಸಂಬಳ ಮಾತ್ರ.

ವಾರೆನ್ ರಾಬಿನೆಟ್ ಎಂಬ ತರುಣ ‘ಅಡ್ವೆಂಚರ್’ ಎಂಬ ಆಟ ಬರೆದರು. ಕೋಟೆಗಳು, ಬೀಗದಕೈಗಳು, ಡ್ರ್ಯಾಗನ್‌ಗಳು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಎಲ್ಲವೂ 4,096 ಬೈಟುಗಳಲ್ಲಿ. ಅವರು ಅದರಲ್ಲೊಂದು ಗುಟ್ಟಿನ ಕೋಣೆಯನ್ನು ಸೇರಿಸಿದರು. ಹಿನ್ನೆಲೆಯ ಬಣ್ಣದಲ್ಲಿಯೇ ಕರಗಿರುವ ಒಂದೇ ಒಂದು ಚುಕ್ಕಿಯನ್ನು ಹುಡುಕಿ ಸರಿಯಾದ ಜಾಗಕ್ಕೆ ಹೊತ್ತು ತಂದರೆ ಆ ಕೋಣೆಗೆ ದಾರಿಯಾಗುತ್ತದೆ. ಒಳಗೆ, ಇದನ್ನು ರಚಿಸಿದವರು ವಾರೆನ್ ರಾಬಿನೆಟ್ ಎಂಬ ಬರಹ ಬಣ್ಣ ಬದಲಿಸುತ್ತಾ ಬೆಳಗುತ್ತದೆ. ಅವರು 1979ರಲ್ಲಿಯೇ ಕೆಲಸ ಬಿಟ್ಟರು. 1980ರಲ್ಲಿ ಆಟ ಮಾರುಕಟ್ಟೆಗೆ ಬಂತು. ಕಂಪನಿಗೆ ವಿಷಯ ತಿಳಿದದ್ದು ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಅದನ್ನು ಕಂಡುಹಿಡಿದು ಪತ್ರ ಬರೆದ ಮೇಲೆ. ನಮ್ಮ ಹಳೆಯ ದೇವಾಲಯಗಳ ಶಿಲ್ಪಗಳ ಕೆಳಗೆ ಕೆಲವೆಡೆ ಶಿಲ್ಪಿ ತನ್ನ ಹೆಸರನ್ನು ಕೊರೆದಿರುವುದನ್ನು ನೀವು ಬೇಲೂರಿನಲ್ಲಿ ನೋಡಿರಬಹುದು. ಅಲ್ಲಿ ಅದು ಎಲ್ಲರಿಗೂ ಕಾಣುವಂತಿದೆ. ಇಲ್ಲಿ ಒಂದು ಚುಕ್ಕಿಯ ಹಿಂದೆ ಅಡಗಿಸಬೇಕಾಯಿತು.

ಇನ್ನು ಕೆಲವರು ಬಹಿರಂಗವಾಗಿಯೇ ಹೊರಟರು. ಡೇವಿಡ್ ಕ್ರೇನ್, ಲ್ಯಾರಿ ಕಪ್ಲಾನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ ಈ ನಾಲ್ವರು ಹೆಸರನ್ನೂ ಗೌರವಧನವನ್ನೂ ಕೇಳಿದರು. ಸಿಗಲಿಲ್ಲ. ಸಂಗೀತದ ಉದ್ಯಮದಿಂದ ಬಂದ ಜಿಮ್ ಲೆವಿಯವರೊಂದಿಗೆ ಸೇರಿ ಅವರು 1979ರಲ್ಲಿ ಆಕ್ಟಿವಿಷನ್ ಕಂಪನಿ ಕಟ್ಟಿದರು. ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಆಟ ಮಾರುವ ರೂಢಿ ಅಲ್ಲಿಯವರೆಗೆ ಇರಲೇ ಇಲ್ಲ. ಅಟಾರಿ ನ್ಯಾಯಾಲಯಕ್ಕೆ ಹೋಯಿತು. 1982ರಲ್ಲಿ ರಾಜಿಯಾಯಿತು. ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕರ ಹೆಸರಿರುವಂತೆ ಆಕ್ಟಿವಿಷನ್ ತನ್ನ ಆಟಗಳೊಂದಿಗೆ ಅವನ್ನು ರಚಿಸಿದವರ ಹೆಸರನ್ನೂ ಅಚ್ಚುಹಾಕಿತು. ಅಟಾರಿಯಲ್ಲಿ 1978ರಲ್ಲಿ ಕೆಲಸಕ್ಕೆ ಸೇರಿದ್ದ ಕ್ಯಾರಲ್ ಶಾ ಕೂಡ ಆಕ್ಟಿವಿಷನ್‌ಗೆ ಬಂದರು. 1982ರಲ್ಲಿ ಅವರು ಬರೆದ ‘ರಿವರ್ ರೇಡ್’ ಈ ಯಂತ್ರದ ಅತ್ಯುತ್ತಮ ಆಟಗಳಲ್ಲಿ ಒಂದೆಂದು ಹೆಸರಾಗಿದೆ.

ಪೆನ್ಸಿಲ್ ಹಿಡಿಯಿರಿ

ಅದೇ 1982ರಲ್ಲಿ ಡೇವಿಡ್ ಕ್ರೇನ್ ‘ಪಿಟ್‌ಫಾಲ್’ ಆಟವನ್ನು ರಚಿಸಿದರು. ಕಾಡಿನಲ್ಲಿ ಓಡುವ ಒಬ್ಬ ಸಾಹಸಿ. ಹಗ್ಗ, ಹೊಂಡ, ಮೊಸಳೆ, ನಿಧಿ. ಒಟ್ಟು 255 ದೃಶ್ಯಗಳು. ಒಂದೊಂದು ದೃಶ್ಯಕ್ಕೂ ವಿವರ ಬರೆದಿಡುತ್ತಾ ಹೋದರೆ ಕಾರ್ಟ್ರಿಜ್‌ನ ಗತಿಯೇನು? ಆದರೆ ಇಡೀ ಕಾಡನ್ನು ಹುಟ್ಟಿಸುವ ಪ್ರೋಗ್ರಾಮಿಗೆ ಕ್ರೇನ್ ಬಳಸಿದ್ದು ಸುಮಾರು 50 ಬೈಟುಗಳನ್ನು ಮಾತ್ರ. ಅದರ ಉಪಾಯವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು.

001 ಎಂದು ಬರೆಯಿರಿ. ಮೊದಲ ಎರಡು ಅಂಕಿಗಳನ್ನು ನೋಡಿ. ಅವು ಬೇರೆ ಬೇರೆಯಾಗಿದ್ದರೆ ಕೊನೆಯಲ್ಲಿ 1 ಸೇರಿಸಿ. ಒಂದೇ ಆಗಿದ್ದರೆ 0 ಸೇರಿಸಿ. ಆಮೇಲೆ ಎಡತುದಿಯ ಅಂಕಿಯನ್ನು ಅಳಿಸಿ. ಹೀಗೆಯೇ ಮುಂದುವರಿಸಿದರೆ 001, 010, 101, 011, 111, 110, 100 ಬರುತ್ತವೆ. ಅನಂತರ ಮತ್ತೆ 001. ಮೂರು ಅಂಕಿಗಳಲ್ಲಿ 000 ಬಿಟ್ಟರೆ ಸಾಧ್ಯವಿರುವ ಏಳೂ ಸಂಖ್ಯೆಗಳು, ಒಂದೂ ಬಿಡದೆ, ಒಂದೂ ಎರಡು ಸಲ ಬಾರದೆ, ಕಲಸಿದ ಕ್ರಮದಲ್ಲಿ ಬಂದವು. ಬೇಕಿದ್ದರೆ ಇದೇ ದಾರಿಯಲ್ಲಿ ಹಿಂದಕ್ಕೂ ಹೋಗಬಹುದು.

ಕ್ರೇನ್ ಬಳಸಿದ್ದು ಎಂಟು ಅಂಕಿಗಳನ್ನು, ಅದಕ್ಕೆ ತಕ್ಕ ನಿಯಮವನ್ನು. ಎಲ್ಲ ಸೊನ್ನೆಗಳ ಸಂಖ್ಯೆಯೊಂದನ್ನು ಬಿಟ್ಟು 255 ಸಂಖ್ಯೆಗಳು. ಪ್ರತಿ ಸಂಖ್ಯೆಯ ಅಂಕಿಗಳೇ ಆ ದೃಶ್ಯದಲ್ಲಿ ಯಾವ ಮರ, ಯಾವ ಹೊಂಡ, ಯಾವ ವಸ್ತು ಎಂದು ತೀರ್ಮಾನಿಸುತ್ತವೆ. ಸಾಹಸಿ ಬಲಕ್ಕೆ ಹೋದರೆ ಮುಂದಿನ ಸಂಖ್ಯೆ, ಎಡಕ್ಕೆ ಹೋದರೆ ಹಿಂದಿನದು. ಕಾಡನ್ನು ಎಲ್ಲಿಯೂ ಬರೆದಿಟ್ಟಿಲ್ಲ. ನಡೆದಂತೆಲ್ಲ ಹುಟ್ಟುತ್ತದೆ. ರಿವರ್ ರೇಡ್‌ನ ನದಿಯೂ ಹರಿಯುವುದು ಇದೇ ಬಗೆಯ ಲೆಕ್ಕದಿಂದ. ಹಣ ಉಳಿಸಲು ಕಿತ್ತುಕೊಂಡ ಸ್ಮರಣಕೋಶವೇ ಈ ಜನರನ್ನು ಗಣಿತದ ಕಡೆಗೆ ಕರೆದುಕೊಂಡು ಹೋಯಿತು.

ಬೀಗ ಹಾಕಿದ ವಿದ್ಯೆ

ಆದರೆ ಈ ವಿದ್ಯೆ ಎಲ್ಲಿತ್ತು? ಕೆಲವೇ ಜನರ ತಲೆಯಲ್ಲಿ. 1979ರಲ್ಲಿ ಸ್ಟೀವ್ ರೈಟ್ ಎಂಬುವರು ಅಟಾರಿಯ ಒಳಗಿನವರಿಗಾಗಿ ಒಂದು ಕೈಪಿಡಿ ಬರೆದಿದ್ದರು. ಅದು ಹೊರಗಿನವರಿಗಲ್ಲ. ಆಕ್ಟಿವಿಷನ್ ಗೆದ್ದದ್ದನ್ನು ಕಂಡು 1982ರ ಹೊತ್ತಿಗೆ ಹತ್ತಾರು ಕಂಪನಿಗಳು ಆಟ ಮಾಡಲು ನುಗ್ಗಿದವು. ಓಟ್ಸ್ ಮಾರುವ ಕ್ವೇಕರ್ ಓಟ್ಸ್ ಕಂಪನಿಯೂ ಒಂದು ಆಟದ ಸಂಸ್ಥೆಯನ್ನು ಕೊಂಡುಕೊಂಡಿತು! ಹೊರಗಿನ ಪ್ರೋಗ್ರಾಮರುಗಳು ಯಂತ್ರವನ್ನೂ ಇತರರ ಕಾರ್ಟ್ರಿಜ್‌ಗಳನ್ನೂ ಬಿಚ್ಚಿ, ಪರೀಕ್ಷಿಸಿ, ಊಹಿಸಿ ಕಲಿಯಬೇಕಾಯಿತು. ಕೆಲವರು ಚೆನ್ನಾಗಿ ಕಲಿತರು. ಅನೇಕರಿಗೆ ಅಷ್ಟು ಸಮಯ ಸಿಗಲಿಲ್ಲ.

ಬಲ್ಲವರಿಗೂ ಸಮಯ ಸಿಗಲಿಲ್ಲ. ಹೊವರ್ಡ್ ಸ್ಕಾಟ್ ವಾರ್ಷಾ ಒಳ್ಳೆಯ ಆಟಗಳನ್ನು ಬರೆದಿದ್ದ ನುರಿತ ಪ್ರೋಗ್ರಾಮರ್. 1982ರಲ್ಲಿ ಕ್ರಿಸ್ಮಸ್ ಮಾರಾಟಕ್ಕಾಗಿ ‘ಇ.ಟಿ.’ ಚಲನಚಿತ್ರದ ಆಟವನ್ನು ಐದೇ ವಾರಗಳಲ್ಲಿ ಮುಗಿಸುವಂತೆ ಅಟಾರಿ ಅವರಿಗೆ ವಹಿಸಿತು. ಮುಗಿಸಿದರು. ಆಟ ಜನಕ್ಕೆ ಹಿಡಿಸಲಿಲ್ಲ. 1983ರಲ್ಲಿ ಅಮೆರಿಕದ ವಿಡಿಯೋ ಆಟದ ಮಾರುಕಟ್ಟೆಯೇ ಕುಸಿಯಿತು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ಆ ವರ್ಷ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಎಂಬಲ್ಲಿ ಮಣ್ಣಿನಲ್ಲಿ ಹೂಳಲಾಯಿತು. ಬಹುಕಾಲ ದಂತಕಥೆಯೆಂದೇ ಅನೇಕರು ನಂಬಿದ್ದ ಈ ಸಂಗತಿ 2014ರ ಏಪ್ರಿಲಿನಲ್ಲಿ ನೆಲ ಅಗೆದಾಗ ನಿಜವೆಂದು ಗೊತ್ತಾಯಿತು.

ಅದೇ 1983ರಲ್ಲಿ ಜಪಾನಿನ ನಿಂಟೆಂಡೋ ಕಂಪನಿಯ ಫ್ಯಾಮಿಕಾಂ ಬಂತು. ಅದರ ಪ್ರೊಸೆಸರ್ 6502 ವಂಶದ್ದೇ. ಆದರೆ ಚಿತ್ರ ಬಿಡಿಸುವ ಕೆಲಸವನ್ನು ಬೇರೊಂದು ಚಿಪ್ಪು ತನ್ನದೇ ಸ್ಮರಣಕೋಶದಿಂದ ಮಾಡಿಕೊಳ್ಳುತ್ತಿತ್ತು. 1990ರ ದಶಕದಲ್ಲಿ ನಮ್ಮಲ್ಲಿ ಮಾರಾಟವಾದ ಟಿ.ವಿ. ಆಟದ ಪೆಟ್ಟಿಗೆಗಳಲ್ಲಿ ಬಹಳಷ್ಟು ಈ ಫ್ಯಾಮಿಕಾಂನ ನಕಲುಗಳು. ಗೆರೆ ಗೆರೆಯಾಗಿ ಕಿರಣದೊಂದಿಗೆ ಓಡುವ ವಿದ್ಯೆಗೆ ಇನ್ನು ಕೆಲಸವಿರಲಿಲ್ಲ. ಒಟ್ಟು ಸುಮಾರು 3 ಕೋಟಿ ಯಂತ್ರಗಳು ಮಾರಾಟವಾದ ಬಳಿಕ, 1992ರ ಆರಂಭದಲ್ಲಿ ಅಟಾರಿ 2600 ತಯಾರಿಕೆಯೂ ನಿಂತಿತು.

ಎರಡನೆಯ ಜನ್ಮ

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯಬೇಕು. ಮುಗಿಯಲಿಲ್ಲ. ಚಿಕ್ಕಂದಿನಲ್ಲಿ ಆ ಆಟಗಳನ್ನು ಆಡಿ ಬೆಳೆದವರಿಗೆ ಅದು ಹೇಗೆ ನಡೆಯುತ್ತಿತ್ತು ಎಂಬ ಕುತೂಹಲ ಉಳಿದಿತ್ತು. 1990ರ ದಶಕದಲ್ಲಿ ಆ ಒಳಗಿನ ಕೈಪಿಡಿಯನ್ನು ಮತ್ತೆ ಬೆರಳಚ್ಚು ಮಾಡಿ ಆಸಕ್ತರು ತಮ್ಮತಮ್ಮಲ್ಲಿ ಹಂಚಿಕೊಂಡರು. ಹಳೆಯ ಕಾರ್ಟ್ರಿಜ್‌ಗಳ ಬೈಟುಗಳನ್ನು ಓದಿ, ಒಂದೊಂದು ಆದೇಶಕ್ಕೂ ಟಿಪ್ಪಣಿ ಬರೆದರು. ಮ್ಯಾಟ್ ಡಿಲ್ಲನ್ 1988ರಲ್ಲಿ ರಚಿಸಿದ್ದ ಡ್ಯಾಸಂ ಎಂಬ ಅಸೆಂಬ್ಲರ್ ಅವರ ಕೈಗೆ ಬಂತು. ಬ್ರಾಡ್‌ಫರ್ಡ್ ಮಾಟ್ ಆರಂಭಿಸಿದ ‘ಸ್ಟೆಲ್ಲಾ’ ಎಂಬ ತಂತ್ರಾಂಶ ಸಾಮಾನ್ಯ ಕಂಪ್ಯೂಟರಿನೊಳಗೇ ಆ ಹಳೆಯ ಯಂತ್ರವನ್ನು ಮೂಡಿಸಿತು. ಡೆಕ್ಯೂರ್ ಅವರ ಸೈಕಲ್ಲಿನ ಹೆಸರು ಹೀಗೆ ಮತ್ತೆ ಬಳಕೆಗೆ ಬಂತು! 1990ರ ದಶಕದ ಮಧ್ಯಭಾಗದಿಂದ ಹವ್ಯಾಸಿಗಳು ಬರೆದ ಹೊಸ ಆಟಗಳು ಬರಲಾರಂಭಿಸಿದವು. 2009ರಲ್ಲಿ ನಿಕ್ ಮಾಂಟ್‌ಫರ್ಟ್ ಮತ್ತು ಇಯಾನ್ ಬೊಗಾಸ್ಟ್ ಈ ಯಂತ್ರದ ಬಗ್ಗೆ ಬರೆದ ಗ್ರಂಥವನ್ನು ಎಂ.ಐ.ಟಿ.ಯ ಮುದ್ರಣಾಲಯ ಪ್ರಕಟಿಸಿತು. 2023ರಲ್ಲಿ ಹಳೆಯ ಕಾರ್ಟ್ರಿಜ್‌ಗಳನ್ನು ಆಡಿಸಬಲ್ಲ ಹೊಸ ಪೆಟ್ಟಿಗೆಯೊಂದು ಅಟಾರಿ ಹೆಸರಿನಲ್ಲಿಯೇ ಬಂತು.

ಮೊದಲ ತಲೆಮಾರಿನವರ ವಿದ್ಯೆ ಕಂಪನಿಯ ಕಪಾಟಿನಲ್ಲಿ ಇತ್ತು. ಎರಡನೆಯ ತಲೆಮಾರಿನವರು ಕಲಿತದ್ದನ್ನೆಲ್ಲ ಬರೆದಿಟ್ಟರು, ಕೇಳಿದವರಿಗೆ ಕೊಟ್ಟರು. ಕಪಾಟಿನಲ್ಲಿದ್ದ ವಿದ್ಯೆ ಹತ್ತು ಹದಿನೈದು ವರ್ಷಗಳಲ್ಲಿ ಕಣ್ಮರೆಯಾಗುವುದರಲ್ಲಿತ್ತು. ಹಂಚಿಕೊಂಡ ವಿದ್ಯೆ ಇಂದು ನಿಮ್ಮ ಕೈಗೆಟುಕುವ ದೂರದಲ್ಲಿದೆ.

ನೀವೂ ಕಲಿಯಬಹುದು

ಕಾಲೇಜಿನ ಪ್ರಯೋಗಾಲಯದಲ್ಲಿ 8085 ಕಿಟ್‌ನ ಮೇಲೆ ಎರಡು ಸಂಖ್ಯೆಗಳನ್ನು ಕೂಡಿಸಿದವರಿಗೆ ಅಸೆಂಬ್ಲಿ ಭಾಷೆ ಹೊಸದಲ್ಲ. 6502ರ ಆದೇಶಗಳು ಅದಕ್ಕಿಂತ ಕಡಿಮೆಯೇ. ಡ್ಯಾಸಂ, ಸ್ಟೆಲ್ಲಾ ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ಇಲ್ಲಿ ಮೊದಲ ಪಾಠ ತೆರೆಯ ಮೇಲೆ ಅಕ್ಷರ ಮೂಡಿಸುವುದಲ್ಲ. ಏನೂ ಇಲ್ಲದ ಒಂದು ಚಿತ್ರವನ್ನು ಅಲುಗಾಡದಂತೆ ನಿಲ್ಲಿಸುವುದು. 3, 37, 192, 30 ಎಂದು ಗೆರೆಗಳನ್ನು ಎಣಿಸಿ 262 ಮುಟ್ಟಿಸಬೇಕು. ನಮ್ಮ ಪಾಲ್ ಪದ್ಧತಿಗೆ ಬರೆಯುವುದಾದರೆ 312. ಎಣಿಕೆ ತಪ್ಪಿದರೆ ಹಳೆಯ ಟಿ.ವಿ.ಯಲ್ಲಿ ಚಿತ್ರ ಮೇಲೆ ಕೆಳಗೆ ಉರುಳುತ್ತಿತ್ತು. ಎರಡನೆಯ ಪಾಠದಲ್ಲಿ ಪ್ರತಿ ಗೆರೆಗೂ ಬಣ್ಣ ಬದಲಿಸಿ. ಕಾಮನಬಿಲ್ಲಿನ ಪಟ್ಟೆಗಳು ಬರುತ್ತವೆ. ಮೂರನೆಯದರಲ್ಲಿ ಒಂದು ಆಕೃತಿಯನ್ನು ನಿಲ್ಲಿಸಿ. ನಾಲ್ಕನೆಯದರಲ್ಲಿ ಜಾಯ್‌ಸ್ಟಿಕ್ಕಿನಿಂದ ಅದನ್ನು ನಡೆಸಿ.

ಇದರಿಂದ ನಾಳೆ ನೌಕರಿ ಸಿಗುತ್ತದೆ ಎಂದು ನಾನು ಹೇಳಲಾರೆ. ಆದರೆ ಒಂದು ಆದೇಶಕ್ಕೆ ಎಷ್ಟು ಹೊತ್ತು ಹಿಡಿಯಿತು, ಒಂದು ಸಂಖ್ಯೆ ಎಲ್ಲಿ ಕುಳಿತಿದೆ ಎಂದು ಬೆರಳಿಟ್ಟು ತೋರಿಸಬಲ್ಲ ಯಂತ್ರಗಳು ಇಂದು ಬಹಳ ಉಳಿದಿಲ್ಲ. ಇಲ್ಲಿ ಯಂತ್ರದ ಎಲ್ಲ 128 ಬೈಟುಗಳನ್ನೂ ನೀವು ಒಂದೇ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಬಹುದು. ಪೂರ್ತಿಯಾಗಿ ಅರ್ಥಮಾಡಿಕೊಂಡ ಒಂದು ಯಂತ್ರ, ಅರ್ಧಂಬರ್ಧ ಅರ್ಥವಾದ ಹತ್ತು ಯಂತ್ರಗಳಿಗಿಂತ ಒಳ್ಳೆಯ ಗುರು.

ಕೊನೆಗೆ ನಿಮಗೊಂದು ಕೆಲಸ. ಮೇಲೆ ಹೇಳಿದ ಅಂಕಿಗಳ ಆಟವನ್ನು ಅದೇ ನಿಯಮದಿಂದ 0001 ಎಂದು ನಾಲ್ಕು ಅಂಕಿಗಳಿಗೆ ಮಾಡಿ. 15 ಸಂಖ್ಯೆಗಳೂ ಬರುತ್ತವೆ. ಆಮೇಲೆ 00001 ಎಂದು ಐದು ಅಂಕಿಗಳಿಗೆ ಮಾಡಿ ನೋಡಿ. 31 ಸಂಖ್ಯೆಗಳೂ ಬರುತ್ತವೆಯೇ? ಬರದಿದ್ದರೆ ನಿಯಮವನ್ನು ಹೇಗೆ ಬದಲಿಸಬೇಕು? ಉತ್ತರ ಸಿಕ್ಕಿದಾಗ ಅದನ್ನು ಬರೆದಿಡಿ. ನಿಮ್ಮ ಹೆಸರನ್ನೂ ಕೆಳಗೆ ಬರೆಯಿರಿ. ಪಕ್ಕದ ಬೆಂಚಿನವರಿಗೆ ತೋರಿಸಿ.